ಮೀನಿನ ತಕ್ಕಡಿಯಲ್ಲಿ ಗಾಲಿ

ಬೆಲ್ಮೀರೊ ಹಿಂಬಾಗಿಲಿಂದ ಗಾಲಿ ಉರುಳಿಸಿಕೊಂಡು ಬಂದಾಗ
ನಾನಿನ್ನೂ ಮುಂಗೈಗೆ ಅಂಟಿದ ಸಾರ್ಡೀನಿನ ಹುರುಪೆ
ತೊಳೆದುಕೊಳ್ಳುತ್ತಿದ್ದೆ.
"ಗ್ರಾಸಿಯೆಟ್, ಎಂಜಿನ್ ಸತ್ತಿದೆ ಕಣೆ" ಅಂದ.
ಮೂರು ವಾರದಿಂದ ಇದೇ ರಾಗ.
ಕಾರ್ಬುರೇಟರ್ ಬಿಚ್ಚಿದ, ಪ್ಲಗ್ಗು ಬದಲಿಸಿದ,
ಬ್ರಾಗಾದ ಮೆಕ್ಯಾನಿಕ್ಕಿನ ಕೈಗೆ ಇನ್ನೂರು ಯೂರೋ ಸುರಿದ.
ಎತ್ತಿಗೆ ಜ್ವರ,
ಎಮ್ಮೆಗೆ ಬರೆ.

ಮಿನ್ಯು ನದಿ ದಾಟಿ ಬರುವ ಗಾಳಿಗೆ ಬೆನ್ನು ಕೊಟ್ಟು
ಮೇಲೇರುವ ನಾಲ್ಕು ಕಿಲೋಮೀಟರ್ ರಾಂಪಾ,
ವರ್ಷಕ್ಕೊಮ್ಮೆ ಜೂನಿನಲ್ಲಿ.
ಅದಕ್ಕಾಗಿ ಹಿಂದಿನ ಸೀಟು ಕಿತ್ತ. ಹದಿನಾಲ್ಕು ಕಿಲೋ.
ಡ್ಯಾಶ್‌ಬೋರ್ಡಿನ ಗಡಿಯಾರ ಕಿತ್ತ. ಮುನ್ನೂರು ಗ್ರಾಂ.
ರಾತ್ರಿ ಊಟಕ್ಕೆ ಬ್ರೆಡ್ಡು ಬಿಟ್ಟ,
ನನ್ನ ಕಾಡ್ ಮೀನಿನ ಸಾರು ಬರೀ ಚಮಚದಲ್ಲಿ ಕುಡಿದ.
ಆಮೇಲೆ ಅದೇ ಕಾರಿಗೆ
ಹದಿನೈದು ಇಂಚಿನ, ಮುಖ ಕಾಣುವಷ್ಟು ಹೊಳೆಯುವ
ನಾಲ್ಕು ಗಾಲಿ ತಂದು ಹಾಕಿದ.

ನನಗೆ ಕಾರು ಗೊತ್ತಿಲ್ಲ. ತೂಕ ಗೊತ್ತು.
ಮೂವತ್ತೊಂದು ವರ್ಷ ತಕ್ಕಡಿಯ ಮುಂದೆ ನಿಂತಿದ್ದೇನೆ,
ಕೈಯಲ್ಲಿ ಎತ್ತಿದರೆ ಸಾಕು, ಐವತ್ತು ಗ್ರಾಂ ಆಚೀಚೆ ಹೇಳುತ್ತೇನೆ.
"ಹಳೆಯದೂ ತಾ" ಅಂದೆ.
ಆಕ್ಟೋಪಸ್ ತೂಗುವ ತಟ್ಟೆಗೆ ಗೋಣಿ ಹಾಸಿ
ಮೊದಲು ಹಳೆಯದು, ಟೈರೂ ಸೇರಿ:
ಹನ್ನೊಂದು ಕಿಲೋ ಮುನ್ನೂರು.
ಆಮೇಲೆ ಹೊಸದು.
ಮುಳ್ಳು ನಡುಗಿ ನಡುಗಿ ನಿಂತಿತು:
ಹದಿನಾರು ಎಂಟುನೂರು.
ನಾಲ್ಕಕ್ಕೂ ಸೇರಿ ಇಪ್ಪತ್ತೆರಡು ಕಿಲೋ ಹೆಚ್ಚು,
ಎರಡು ಪೆಟ್ಟಿಗೆ ಸಾರ್ಡೀನು.

"ಇಷ್ಟೇ ತಾನೆ?" ಅಂದ. "ಸೀಟು ಕಿತ್ತಿದ್ದೇನಲ್ಲ."

ಖಾಲಿ ಬುಟ್ಟಿಗೆ ನಾಲ್ಕು ಮೀನು ಹಾಕಿ ಅವನ ಕೈಗೆ ಕೊಟ್ಟೆ.
ಎದೆಗವಚಿಕೊಂಡು ಒಂದು ಗಿರಕಿ ಹೊಡೆ ಅಂದೆ.
ಹೊಡೆದ, ನಕ್ಕ.
ಈಗ ತೋಳು ಚಾಚಿ ಹಿಡಿದು ಹೊಡೆ.
ಕಾಲು ತಡವರಿಸಿತು; ಒಂದು ಮೀನು ಹಾರಿ
ಹೋಗಿ ಲೆಡ್ಜರಿನ ಮೇಲೆ ಬಿತ್ತು.
ನಿಲ್ಲಿಸು ಅಂದೆ. ನಿಲ್ಲಲೂ ತಡವಾಯಿತು.
ಮೀನು ಅವೇ. ಬುಟ್ಟಿ ಅದೇ.
ದೂರ ಹೋದ ತೂಕ, ಅಷ್ಟೇ.

ಸೀಟು ಸುಮ್ಮನೆ ಕೂತು ಬರುತ್ತದೆ, ಒಮ್ಮೆ ಹೊತ್ತರೆ ಆಯಿತು.
ಗಾಲಿಯ ಅಂಚಿನದು ಹಾಗಲ್ಲ ಮಾರಾಯ,
ಅದನ್ನು ಹೊರಲೂ ಬೇಕು, ತಿರುಗಿಸಲೂ ಬೇಕು,
ಪ್ರತಿ ತಿರುವಿನಲ್ಲಿ ಹಿಡಿದು ನಿಲ್ಲಿಸಲೂ ಬೇಕು,
ಮತ್ತೆ ಮೊದಲಿಂದ.

ಅವನು ಸುಮ್ಮನಾದ. ಆಮೇಲೆ ಮೆಲ್ಲಗೆ,
"ಚಾಪೆಲ್ ಹತ್ತಿರ ಕಲ್ಲು ಹಾಸಿದ ಕಡೆ
ಮೂತಿ ಎಲ್ಲಿಗೋ ತಿರುಗುತ್ತದೆ, ಸ್ಟೀರಿಂಗ್ ಸತ್ತ ಹಾಗೆ."
ಅದಕ್ಕೆ ನನ್ನ ಬುಟ್ಟಿಯಲ್ಲಿ ಉತ್ತರವಿರಲಿಲ್ಲ.
ಅವನೇ ಹೇಳಿಕೊಂಡ, ಗಾಲಿಯನ್ನು ಸವರುತ್ತ:
ಸ್ಪ್ರಿಂಗಿನ ಮೇಲಿರುವುದು ಮಾತು ಕೇಳುತ್ತದೆ,
ಕೆಳಗಿರುವುದು ಕೇಳುವುದಿಲ್ಲ.
ಕಲ್ಲು ಎತ್ತಿ ಒಗೆದರೆ ಭಾರದ್ದು ಬೇಗ ಇಳಿಯುವುದಿಲ್ಲ,
ರಸ್ತೆ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಜೂನಿನಲ್ಲಿ ಹಳೆಯ ಗಾಲಿ, ಬಣ್ಣ ಎದ್ದ ಕಬ್ಬಿಣ.
ನಮ್ಮ ಅತ್ತೆ ಝುಲ್ಮೀರ ಛೀ ಅಂದಳು.
ಎರಡು ನಿಮಿಷ ಮೂವತ್ತೊಂದು ಸೆಕೆಂಡು ನಾಲ್ಕು.
ಹೋದ ಸಲಕ್ಕಿಂತ ಒಂದೂ ಮುಕ್ಕಾಲು ಸೆಕೆಂಡು ಕಡಿಮೆ;
ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕರಿಂದ ಹನ್ನೊಂದಕ್ಕೆ.
ಗಾಳಿ ಅನುಕೂಲವಾಗಿತ್ತು ಅಂದ
ಕೇಳಿದವರಿಗೆಲ್ಲ.

ಹೊಳೆಯುವ ಆ ನಾಲ್ಕೂ ಈಗ ನನ್ನ ನೆಲಮಾಳಿಗೆಯಲ್ಲಿವೆ,
ಅವುಗಳ ಮೇಲೆ ಐಸಿನ ಪೆಟ್ಟಿಗೆ.
ನಿಂತಲ್ಲಿ ಬಲು ಗಟ್ಟಿ, ಒಂದಿಷ್ಟೂ ಅಲುಗುವುದಿಲ್ಲ.
ತಿಂಗಳಿಗೊಮ್ಮೆ ಬೆಲ್ಮೀರೊ ಬರುತ್ತಾನೆ,
ಪೆಟ್ಟಿಗೆ ಸರಿಸಿ
ಅಂಗಿಯ ತುದಿಯಿಂದ ಉಪ್ಪುನೀರು ಒರೆಸಿ ಹೋಗುತ್ತಾನೆ.
ನಾನು ನೋಡದವಳ ಹಾಗೆ
ಇನ್ನೊಂದು ಮೀನು ತೂಗುತ್ತೇನೆ.